ನಾಗದೇವಿ ಬೀದಿಯಲ್ಲಿ ಎರಡು ಬೋಲ್ಟು

ಊರಿನಿಂದ ಬಂದ ನೆಂಟರಿಷ್ಟರಿಗೆ ಮುಂಬಯಿ ತೋರಿಸುವಾಗ ನಮ್ಮೆಲ್ಲರ ಪಟ್ಟಿ ಹೆಚ್ಚು ಕಡಿಮೆ ಒಂದೇ. ಗೇಟ್‌ವೇ, ಎಲಿಫೆಂಟಾ, ಮಹಾಲಕ್ಷ್ಮಿಯ ಗುಡಿ, ರಾಣಿಬಾಗು, ಚೌಪಾಟಿಯ ಮರಳು. ಹೊತ್ತು ಉಳಿದರೆ ಮಾಟುಂಗದಲ್ಲಿ ಕಾಫಿ. ನಾಗದೇವಿ ಬೀದಿ ಯಾರ ಪಟ್ಟಿಯಲ್ಲೂ ಇಲ್ಲ. ಅಲ್ಲಿ ತಲೆಯೆತ್ತಿ ನೋಡುವಂಥ ಗೋಪುರವಿಲ್ಲ, ಕುಳಿತು ದಣಿವಾರಿಸಿಕೊಳ್ಳುವಂಥ ಕಲ್ಲುಬೆಂಚಿಲ್ಲ. ಆದರೂ ಕಬ್ಬಿಣದ ಸಾಮಾನು ಬೇಕಾದವರಿಗೆ ಅದೊಂದು ಕ್ಷೇತ್ರವೇ ಸರಿ. ಹೋದ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋಗಿಬಂದೆವು. ಕೊಂಡದ್ದು ಎರಡೇ ಎರಡು ಬೋಲ್ಟು. ಹಿಡಿದದ್ದು ಅರ್ಧ ದಿನ. ಆ ಅರ್ಧ ದಿನದಲ್ಲಿ ಕಂಡದ್ದನ್ನೂ ತಿಳಿದದ್ದನ್ನೂ ಬಳಗದವರ ಮುಂದೆ ಇಡುವುದು ಲೇಸೆಂದು ತೋರಿತು. ಹಳೆಯ ಕಾರನ್ನು ಮನೆಯ ಹಿರಿಯರಂತೆ ನೋಡಿಕೊಳ್ಳುವ ಕುಟುಂಬಗಳು ನಮ್ಮಲ್ಲಿ ಇನ್ನೂ ಇವೆಯಷ್ಟೆ.

ಸಂಗತಿ ಹೀಗಿದೆ. ನಮ್ಮ ಸಂಘದ ಹಿರಿಯರೊಬ್ಬರ ಬಳಿ ಒಂದು ಅಂಬಾಸಡರ್ ಇದೆ. ಮಾರಿಬಿಡಿ ಎಂದು ಹೇಳಿ ಹೇಳಿ ಮಕ್ಕಳು ಸೋತಿದ್ದಾರೆ. ಬೇಸಿಗೆಯಲ್ಲಿ ಆ ಕಾರಿನಲ್ಲಿಯೇ ತಮ್ಮ ಅಕ್ಕನವರನ್ನು ಧಾರವಾಡಕ್ಕೆ ಕರೆದುಕೊಂಡು ಹೋಗುವುದೆಂದು ಅವರು ನಿಶ್ಚಯಿಸಿದ್ದರು. ಅಕ್ಕನವರಿಗೆ ಎಂಬತ್ತು ದಾಟಿದೆ. ಮಂಡಿನೋವಿನಿಂದ ರೈಲಿನ ಮೆಟ್ಟಿಲು ಹತ್ತಲಾರರು. ತವರಿನ ಮನೆ ಮಾರಾಟಕ್ಕೆ ಬಂದಿದೆ. ಅದು ಕೈಬಿಡುವ ಮುನ್ನ ಒಂದು ಸಲ ಆ ಪಡಸಾಲೆಯಲ್ಲಿ ಕುಳಿತು ಬರಬೇಕೆಂಬುದು ಅವರ ಆಸೆ. ಮನೆ ಕೊಳ್ಳುವವರು ಕೊಟ್ಟ ಗಡುವು ಮೇ ತಿಂಗಳ ಕೊನೆ.

ಹೊರಡುವುದಕ್ಕೆ ಮೂರು ವಾರ ಇದೆ ಎನ್ನುವಾಗ ಸ್ಟಾರ್ಟರ್ ಕೈಕೊಟ್ಟಿತು. ಒಂದು ಗ್ಯಾರೇಜಿನವರು ಹಳೆಯದನ್ನು ಬಿಚ್ಚಿ ಬೇರೊಂದನ್ನು ಕೂಡಿಸಿಕೊಟ್ಟರು. ಎರಡು ದಿನ ಎಲ್ಲ ಸರಿಯಾಗಿತ್ತು. ಮೂರನೆಯ ದಿನದಿಂದ ತಂಟೆ ಶುರುವಾಯಿತು. ಕೀಲಿ ತಿರುಗಿಸಿದರೆ ಒಮ್ಮೆ ಎಂಜಿನ್ ಸರಿಯಾಗಿ ಹೊರಳುವುದು, ಒಮ್ಮೆ ಕರ್ರ್ ಎಂದು ಹಲ್ಲು ಕಡಿಯುವುದು, ಒಮ್ಮೆ ಬರಿಯ ಟಕ್ ಎಂದು ಸುಮ್ಮನಾಗುವುದು. ಬ್ಯಾಟರಿ ಸತ್ತಿದೆ ಎಂದರು ಗ್ಯಾರೇಜಿನವರು. ಬ್ಯಾಟರಿ ಕೊಂಡು ಎರಡು ತಿಂಗಳಾಗಿರಲಿಲ್ಲ. ಕೊನೆಗೆ ಪುಣೆಯ ಕಾರಖಾನೆಯೊಂದರಲ್ಲಿ ಕೆಲಸಕ್ಕಿರುವ ಅವರ ತಂಗಿಯ ಮಗ ಭಾನುವಾರ ಬಂದ. ಕಾರಿನ ಕೆಳಗೆ ತೂರಿ ಸ್ಟಾರ್ಟರನ್ನು ಕೈಯಿಂದ ಹಿಡಿದು ಅಲುಗಿಸಿದ. ಅದು ಅಲುಗಿತು.

“ಮಾಮಾ, ಸ್ಟಾರ್ಟರಿಗೇನೂ ಆಗಿಲ್ಲರಿ. ಅದನ್ನ ಹಿಡಿದಿರೋ ಬೋಲ್ಟ ಸರಿ ಇಲ್ಲ ನೋಡ್ರಿ,” ಎಂದ.

ಎರಡು ಬೋಲ್ಟಿನ ಮಾತು ಇಷ್ಟು ದೊಡ್ಡದೆ ಎಂದು ಓದುಗರು ಕೇಳಬಹುದು. ಸ್ಟಾರ್ಟರ್ ಎಂದರೆ ಒಂದು ಗಟ್ಟಿಮುಟ್ಟಾದ ವಿದ್ಯುತ್ ಮೋಟಾರು. ಅದರ ತುದಿಯಲ್ಲಿ ಹತ್ತರ ಆಸುಪಾಸಿನ ಹಲ್ಲುಗಳುಳ್ಳ ಒಂದು ಪುಟ್ಟ ಚಕ್ರ. ಎಂಜಿನ್ನಿನ ಹಿಂದಿರುವ ಭಾರಿ ಗಾಲಿಯ ಅಂಚಿಗೆ ನೂರಕ್ಕೆ ಮಿಕ್ಕ ಹಲ್ಲುಗಳ ಒಂದು ಬಳೆ. ಕೀಲಿ ತಿರುಗಿಸಿದಾಗ ಪುಟ್ಟ ಚಕ್ರ ಮುಂದೆ ಬಂದು ದೊಡ್ಡ ಬಳೆಯ ಹಲ್ಲಿಗೆ ತನ್ನ ಹಲ್ಲು ಕೊಟ್ಟು ಎಂಜಿನ್ನನ್ನು ಹೊರಳಿಸುತ್ತದೆ. ಎಂಜಿನ್ ಹೊತ್ತಿಕೊಂಡೊಡನೆ ಹಿಂದೆ ಸರಿಯುತ್ತದೆ. ೧೯೧೨ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಎಂಬವರು ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದಿತು. ಅಲ್ಲಿಂದ ಮುಂದೆ ಕೈಯಿಂದ ಹ್ಯಾಂಡಲ್ ತಿರುಗಿಸಿ ಮಣಿಕಟ್ಟು ಮುರಿದುಕೊಳ್ಳುವ ಕಾಲ ಮೆಲ್ಲಮೆಲ್ಲಗೆ ಹಿಂದಾಯಿತು.

ಸ್ಟಾರ್ಟರ್ ಎಂಜಿನ್ನನ್ನು ಒಂದು ಕಡೆಗೆ ಹೊರಳಿಸುವಾಗ ಎಂಜಿನ್ ಅದನ್ನು ಇನ್ನೊಂದು ಕಡೆಗೆ ತಿರುಚಲು ನೋಡುತ್ತದೆ. ಆ ತಿರುಚನ್ನು ತಡೆಯುವವು ಈ ಎರಡು ಮೂರು ಬೋಲ್ಟುಗಳೇ. ಬೋಲ್ಟು ಸಡಿಲವಾದರೆ ಪುಟ್ಟ ಚಕ್ರ ಓರೆಯಾಗಿ, ಹಲ್ಲು ಹಲ್ಲಿಗೆ ಕೂಡುವ ಬದಲು ಹಲ್ಲಿನ ತುದಿ ತುದಿಯನ್ನು ಹೊಡೆಯುತ್ತದೆ. ದೊಡ್ಡ ಬಳೆಯ ಹಲ್ಲು ಮುರಿಯಿತೆಂದರೆ ಗೇರುಪೆಟ್ಟಿಗೆಯನ್ನೇ ಇಳಿಸಬೇಕು, ಖರ್ಚು ಸಾವಿರಗಟ್ಟಲೆ. ಇನ್ನೂ ಒಂದು ವಿಷಯವುಂಟು, ಅದನ್ನು ಅನೇಕರು ಮರೆಯುತ್ತಾರೆ. ಬ್ಯಾಟರಿಯಿಂದ ಸ್ಟಾರ್ಟರಿಗೆ ಬರುವ ದಪ್ಪ ತಂತಿ ಒಂದೇ. ಹೆಚ್ಚಿನ ಕಾರುಗಳಲ್ಲಿ ಕರೆಂಟು ಹಿಂದಿರುಗುವುದು ಸ್ಟಾರ್ಟರಿನ ಮೈಯಿಂದ, ಅದು ಕೂತಿರುವ ಲೋಹದ ಮೂಲಕ. ಪೆಟ್ರೋಲು ಕಾರಿನ ಸ್ಟಾರ್ಟರ್ ೧೨ ವೋಲ್ಟಿನಲ್ಲಿ ನೂರರಿಂದ ಇನ್ನೂರು ಆಂಪಿಯರ್‌ವರೆಗೆ ಎಳೆಯುತ್ತದೆ. ಕೂರುವ ಜಾಗ ಸಡಿಲವಾಗಿ ತುಕ್ಕು ಹಿಡಿದರೆ ಅಷ್ಟು ಕರೆಂಟು ಅಲ್ಲಿ ಸಾಗದು. ಆಗ ಹೊಸ ಬ್ಯಾಟರಿಯೂ ಸತ್ತಂತೆಯೇ ಕಾಣುತ್ತದೆ.

ಹುಡುಗ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿದ. ಈ ಕೆಲಸಕ್ಕೆ ಕೈಹಾಕುವವರು ಮಾಡಬೇಕಾದ ಮೊದಲ ಕ್ರಿಯೆ ಇದು. ತಪ್ಪಿದರೆ ಸ್ಪಾನರು ತಾಗಿ ಕಿಡಿ ಹಾರುತ್ತದೆ. ನಾಲ್ಕೈದು ಕಿಲೋ ತೂಗುವ ಸ್ಟಾರ್ಟರಿನ ಕೆಳಗೆ ಮರದ ತುಂಡು ಕೊಟ್ಟು ಎರಡೂ ಬೋಲ್ಟುಗಳನ್ನು ಬಿಚ್ಚಿದ. ಎರಡಕ್ಕೂ ಒಂದೇ ಸ್ಪಾನರು ಹಿಡಿಸಿತು. ಎರಡೂ ನೋಡಲು ಒಂದೇ ಥರ. ಒಂದಕ್ಕೆ ಮಾತ್ರ ಎರಡು ವಾಷರು ಹೆಚ್ಚು ಹಾಕಿದ್ದರು. ಅದು ಏಕೆಂದು ನಮಗಾರಿಗೂ ಆಗ ಹೊಳೆಯಲಿಲ್ಲ. ಎರಡನ್ನೂ ಕಾಗದದಲ್ಲಿ ಸುತ್ತಿಟ್ಟುಕೊಂಡೆವು. ಭಾನುವಾರ ಪೇಟೆ ಮುಚ್ಚಿರುತ್ತದೆ. ಸೋಮವಾರ ಹುಡುಗ ರಜೆ ಹಾಕಿದ. ಹಿರಿಯರು, ಹುಡುಗ, ನಾವು, ಹೀಗೆ ಮೂವರು ಹೊರಟೆವು.

ಮಾಟುಂಗದಲ್ಲಿ ಲೋಕಲ್ ಹತ್ತಿದರೆ ಇಳಿಯಬೇಕಾದ್ದು ಮಸ್ಜಿದ್ ಸ್ಟೇಷನ್ನು, ಕೊನೆಯ ನಿಲ್ದಾಣಕ್ಕೆ ಒಂದು ಮುಂಚೆ. ಈ ಹೆಸರು ಬಂದದ್ದು ಹತ್ತಿರದಲ್ಲಿರುವ ಯಹೂದಿಗಳ ಪ್ರಾರ್ಥನಾ ಮಂದಿರದಿಂದ ಎನ್ನುತ್ತಾರೆ. ಅದನ್ನು ಜನ ಹಳೆಯ ಮಸೀದಿ ಎಂದೇ ಕರೆಯುತ್ತಿದ್ದರಂತೆ. ಅದನ್ನು ೧೭೯೬ರಲ್ಲಿ ಕಟ್ಟಿಸಿದವರು ಸಾಮ್ಯುಯೆಲ್ ದಿವೇಕರ್ ಎಂಬ ಬೆನೆ ಇಸ್ರೇಲಿ ಸೈನ್ಯಾಧಿಕಾರಿ. ಮೈಸೂರು ಯುದ್ಧದಲ್ಲಿ ಅವರು ಟಿಪ್ಪುವಿನ ಸೆರೆ ಸಿಕ್ಕಿ, ಬದುಕಿ ಹಿಂದಿರುಗಿದ ಕೃತಜ್ಞತೆಗೆ ಆ ಮಂದಿರವನ್ನು ಕಟ್ಟಿಸಿದರೆಂಬ ಕಥೆಯಿದೆ. ದಿನವೂ ಲೋಕಲಿನಲ್ಲಿ ಓದುವ ಸ್ಟೇಷನ್ ಹೆಸರಿನ ಹಿಂದೆ ನಮ್ಮ ಶ್ರೀರಂಗಪಟ್ಟಣದ ನೆರಳು ಇರುವುದು ಎಷ್ಟು ಜನಕ್ಕೆ ಗೊತ್ತು?

ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಹೊರಬಿದ್ದು ಯೂಸುಫ್ ಮೆಹರಲಿ ರಸ್ತೆಯ ಕಡೆ ಹೆಜ್ಜೆ ಹಾಕಿದರೆ ಕಾಲಿಗಿಂತ ಮೊದಲು ಕಿವಿಗೆ ದಾರಿ ತಿಳಿಯುತ್ತದೆ. ಕೈಗಾಡಿಗಳ ಗಡಗಡ, ಹಮಾಲರ “ಬಾಜೂ, ಬಾಜೂ” ಎಂಬ ಕೂಗು, ಕಬ್ಬಿಣದ ಮೇಲೆ ಕಬ್ಬಿಣ ಬೀಳುವ ಸದ್ದು. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ೧೮೬೯ರ ಕ್ರಾಫರ್ಡ್ ಮಾರ್ಕೆಟ್ಟು. ಅಲ್ಲಿ ಹಣ್ಣಿನ ವಾಸನೆಯಾದರೆ ಇಲ್ಲಿ ಎಣ್ಣೆ, ಗ್ರೀಸು, ಗೋಣಿತಾಟು. ನಾಗದೇವಿ ಬೀದಿಯ ಅಗಲ ಎರಡು ಕೈಗಾಡಿಗಳು ಎದುರುಬದುರಾದರೆ ಜಗಳವಾಗುವಷ್ಟು. ಎರಡೂ ಬದಿಗೆ ಅಂಗಡಿಗಳು. ಕೆಲವು ಅಂಗಡಿಗಳ ಬಾಗಿಲು ನಮ್ಮ ಊರಿನ ದೇವರ ಗೂಡಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಒಂದರಲ್ಲಿ ಬೇರಿಂಗು ಮಾತ್ರ. ಇನ್ನೊಂದರಲ್ಲಿ ಸರಪಣಿ ಮಾತ್ರ. ಮುಂದಿನದರಲ್ಲಿ ಅರ, ಗರಗಸ, ಬೈರಿಗೆಯ ಮೊನೆ. ಬೋಲ್ಟಿನ ಅಂಗಡಿಗಳಲ್ಲಿ ನೆಲದಿಂದ ಅಟ್ಟದವರೆಗೆ ಪುಟ್ಟ ಪುಟ್ಟ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯ ಮೋರೆಗೆ ಒಂದೊಂದು ಬೋಲ್ಟು ಕಟ್ಟಿ ಗುರುತು. ಓದು ಬಾರದ ಆಳೂ ತಪ್ಪದೆ ತೆಗೆದುಕೊಡಬಲ್ಲ.

ಈ ವ್ಯಾಪಾರದಲ್ಲಿ ಬೋಹ್ರಾ ಜನ ಬಹಳ. ಬಿಳಿಯ ಟೋಪಿಗೆ ಜರಿಯಂಚು, ಬಿಳಿಯ ಗಡ್ಡ, ಮಿತವಾದ ಮಾತು. ನಾವು ಹೊಕ್ಕ ಅಂಗಡಿಯ ಯಜಮಾನರೂ ಹಾಗೆಯೇ. ಹಿರಿಯರು ಕುಳಿತುಕೊಂಡು, ಅಂಬಾಸಡರಿಗೆ ಸ್ಟಾರ್ಟರ್ ಬೋಲ್ಟು ಎರಡು ಬೇಕು ಎಂದರು. ಯಜಮಾನರು ಕಪಾಟಿನ ಕಡೆ ತಿರುಗಲಿಲ್ಲ. “ಕೌನ್ಸಾ ಇಂಜಿನ್?” ಎಂದು ಕೇಳಿದರು. ಆಮೇಲೆ, “ಪುರಾನಾ ಪೀಸ್ ಲಾಯಾ ಕ್ಯಾ?”

ಈ ಎರಡು ಪ್ರಶ್ನೆಗಳಲ್ಲೇ ಅರ್ಧ ಪಾಠವಿತ್ತು. ಅಂಬಾಸಡರ್ ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಾಯಿತು. ಹೊರಗಿನ ಚಹರೆ ಬಹುಮಟ್ಟಿಗೆ ಒಂದೇ ಆದರೂ ಒಳಗಿನ ಎಂಜಿನ್ ಒಂದೇ ಆಗಿ ಉಳಿಯಲಿಲ್ಲ. ಮೊದಲಿನದು ಇಂಗ್ಲೆಂಡಿನ ಮೂಲದ ಎಂಜಿನ್. ಅದರ ಬೋಲ್ಟುಗಳೆಲ್ಲ ಇಂಚಿನ ಲೆಕ್ಕ. ೧೯೯೦ರ ದಶಕದಲ್ಲಿ ಜಪಾನಿನ ಇಸುಜು ಮೂಲದ ೧,೮೦೦ ಸಿಸಿ ಎಂಜಿನ್ ಬಂತು. ಅದು ಮಿಲಿಮೀಟರಿನ ಲೆಕ್ಕ. ನಮ್ಮ ಹಿರಿಯರದು ಈ ಎರಡನೆಯ ಬಗೆ.

ಹುಡುಗ ಕಾಗದ ಬಿಚ್ಚಿ ಎರಡೂ ಬೋಲ್ಟುಗಳನ್ನು ಮೇಜಿನ ಮೇಲಿಟ್ಟ. ಯಜಮಾನರು ಕನ್ನಡಕ ಏರಿಸಿ, ಎರಡನ್ನೂ ಅಕ್ಕಪಕ್ಕ ಹಿಡಿದು, ತಿರುಪಿಗೆ ತಿರುಪು ತಾಗಿಸಿದರು. ಒಂದೇ ಜಾತಿಯವಾದರೆ ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಕೂರಬೇಕು. ಇವು ಕೂರಲಿಲ್ಲ, ನಡುವೆ ಬೆಳಕು ಕಂಡಿತು. “ಯೇ ದೋನೋ ಭಾಯಿ ನಹೀ ಹೈ,” ಎಂದರು ಯಜಮಾನರು, ಇವೆರಡೂ ಅಣ್ಣತಮ್ಮಂದಿರಲ್ಲ ಎಂದು.

ಬೋಲ್ಟಿನ ಮೈಮೇಲಿನ ತಿರುಪಿಗೆ ಆ ಪೇಟೆಯಲ್ಲಿ ಚೂಡಿ ಎನ್ನುತ್ತಾರೆ. ಚೂಡಿ ಎಂದರೆ ಬಳೆ. ದಪ್ಪವನ್ನು ಸೂತಿನಲ್ಲಿ ಹೇಳುತ್ತಾರೆ. ಸೂತ್ ಎಂದರೆ ನೂಲು. ಇಂಚಿನ ಎಂಟನೆಯ ಒಂದು ಪಾಲು ಒಂದು ಸೂತು. ಎಂಟರಲ್ಲಿ ಮೂರು ಇಂಚಿನ ಬೋಲ್ಟು ‘ತೀನ್ ಸೂತ್’, ಅರ್ಧ ಇಂಚಿನದು ‘ಚಾರ್ ಸೂತ್’. ಯಜಮಾನರು ಹಲ್ಲುಹಲ್ಲಿನ ತಗಡುಗಳ ಅಳತೆಗೋಲೊಂದನ್ನು ತೆಗೆದು ಒಂದೊಂದಾಗಿ ತಾಗಿಸಿದರು. ಒಂದು ಬೋಲ್ಟು ೧೦ ಮಿಲಿಮೀಟರಿನದು, ತಿರುಪಿನ ಸುತ್ತಿನಿಂದ ಸುತ್ತಿಗೆ ಅಂತರ ೧.೨೫ ಮಿಲಿಮೀಟರ್. ಇದು ಜಪಾನಿ ಕಾರುಗಳಲ್ಲಿ ಸಾಮಾನ್ಯ. ಇನ್ನೊಂದು ತೀನ್ ಸೂತಿನದು, ಇಂಚಿಗೆ ೨೪ ಸುತ್ತು. ಮೂರು ಸೂತು ಎಂದರೆ ೯.೫೨೫ ಮಿಲಿಮೀಟರ್. ಎರಡರ ದಪ್ಪಕ್ಕೆ ಅರ್ಧ ಮಿಲಿಮೀಟರಿನಷ್ಟೂ ಅಂತರವಿಲ್ಲ! ತಲೆಯ ಗಾತ್ರವಂತೂ ಇನ್ನೂ ಮೋಸ. ಜಪಾನಿನ ೧೦ ಮಿಲಿಮೀಟರ್ ಬೋಲ್ಟಿನ ತಲೆಗೆ ೧೪ರ ಸ್ಪಾನರು. ತೀನ್ ಸೂತಿನ ತಲೆಗೆ ಹದಿನಾರರಲ್ಲಿ ಒಂಬತ್ತು ಇಂಚು, ಅಂದರೆ ೧೪.೨೯ ಮಿಲಿಮೀಟರ್. ಕೈಗೆ ಸಿಕ್ಕ ಸ್ಪಾನರು ಎರಡಕ್ಕೂ ಹಿಡಿಸಿದ್ದರಲ್ಲಿ ಆಶ್ಚರ್ಯವೇನು?

ಗ್ಯಾರೇಜಿನಲ್ಲಿ ನಡೆದದ್ದು ಈಗ ತಿಳಿಯಾಯಿತು. ಒಂದು ಬೋಲ್ಟು ಕಳೆದಿರಬೇಕು. ಅಂಬಾಸಡರ್ ಎಂದರೆ ಇಂಚು ಎಂಬ ಹಳೆಯ ರೂಢಿಯಂತೆ ಡಬ್ಬಿಯಿಂದ ಒಂದು ತೀನ್ ಸೂತು ತೆಗೆದು ಹಾಕಿದ್ದಾರೆ. ದಪ್ಪ ಕಡಿಮೆಯಾದ್ದರಿಂದ ಅದು ಎರಡು ಮೂರು ಸುತ್ತು ಸಲೀಸಾಗಿ ಹೋಗಿದೆ. ಆಮೇಲೆ ಸುತ್ತಿನ ಅಂತರ ಹೊಂದದೆ ಸಿಕ್ಕಿಕೊಂಡಿದೆ. ಉದ್ದ ಸ್ಪಾನರಿನಿಂದ ಒತ್ತಿ ಇನ್ನೆರಡು ಸುತ್ತು ತಿರುಗಿಸಿ, ಮಿಕ್ಕ ಸಂದಿಗೆ ವಾಷರು ತುಂಬಿ ಮುಗಿಸಿದ್ದಾರೆ. ಆ ಎರಡು ವಾಷರಿನ ಒಗಟು ಹೀಗೆ ಒಡೆಯಿತು. ಬೋಲ್ಟು ಬಿಗಿಯಾಗಿತ್ತು ನಿಜ. ಆದರೆ ಅದು ಕಚ್ಚಿದ್ದು ತೂತಿನ ಬಾಯನ್ನು; ಸ್ಟಾರ್ಟರನ್ನು ಹಿಡಿದಿರಲಿಲ್ಲ.

ಯಜಮಾನರು ಮತ್ತೊಂದು ಮಾತು ಹೇಳಿದರು, ಅದು ನಮಗೆ ಬಹಳ ಹಿಡಿಸಿತು. ಜನ ಹಳೆಯ ಬೋಲ್ಟು ತಂದು ಇಂಥದೇ ಕೊಡಿ ಎನ್ನುತ್ತಾರೆ. ತಂದದ್ದೇ ತಪ್ಪು ಬೋಲ್ಟಾದರೆ ನಾವು ಕೊಡುವುದೂ ತಪ್ಪೇ ಆಗುತ್ತದೆ. ಮಾದರಿ ಬೋಲ್ಟಲ್ಲ, ತೂತು. ತೂತು ಹೇಳಿದ್ದೇ ಕೊನೆಯ ಮಾತು. ನಾವು ಎರಡನ್ನೂ ತಂದಿದ್ದರಿಂದ ಬಚಾವಾದೆವು. ಆ ಒಂದನ್ನೇ ತಂದಿದ್ದರೆ ಅದರದೇ ಜೋಡಿ ಕೊಂಡು ಹಿಂದಿರುಗುತ್ತಿದ್ದೆವು.

ಇಷ್ಟು ಜಾತಿಯ ತಿರುಪುಗಳು ಒಂದೇ ದೇಶದಲ್ಲಿ ಏಕೆ ಎಂದು ದಾರಿಯಲ್ಲಿ ನಮ್ಮೊಳಗೆ ಚರ್ಚೆ ನಡೆಯಿತು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ೧೮೪೧ರಲ್ಲಿ ತಿರುಪಿಗೆ ಒಂದು ಕ್ರಮ ಸೂಚಿಸಿದರು. ಅದರ ಹಲ್ಲಿನ ಕೋನ ೫೫ ಡಿಗ್ರಿ. ಅಮೆರಿಕದ ವಿಲಿಯಂ ಸೆಲ್ಲರ್ಸ್ ೧೮೬೪ರಲ್ಲಿ ೬೦ ಡಿಗ್ರಿಯ ಬೇರೊಂದು ಕ್ರಮ ತಂದರು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಯಂತ್ರಭಾಗಗಳು ಒಂದಕ್ಕೊಂದು ಹೊಂದದೆ ಪಟ್ಟ ಪಾಡಿನ ನಂತರ, ೧೯೪೮ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂಡಿ ಇಂಚಿಗೆ ಒಂದೇ ಕ್ರಮವನ್ನು ಒಪ್ಪಿಕೊಂಡವು. ಯುರೋಪು, ಜಪಾನುಗಳದು ಮಿಲಿಮೀಟರು. ನಮ್ಮ ದೇಶ ೧೯೫೬ರ ಕಾನೂನಿನಿಂದ ಮೆಟ್ರಿಕ್ ತೂಕ ಅಳತೆಗೆ ತಿರುಗಿತು. ೧೯೫೭ರಲ್ಲಿ ನಯಾ ಪೈಸೆ ಬಂತು. ಕಾನೂನು ಬದಲಾದರೂ ರಸ್ತೆಯ ಮೇಲಿನ ಬೋಲ್ಟುಗಳು ಹೇಗೆ ಬದಲಾದಾವು?

ಅದರಲ್ಲೂ ಮುಂಬಯಿ ಈ ಎಲ್ಲ ಕ್ರಮಗಳ ಸಂಗಮ. ಇಲ್ಲಿನ ಶಿವಡಿಯಲ್ಲಿ ಜನರಲ್ ಮೋಟಾರ್ಸಿನವರು ೧೯೨೮ರಿಂದ ೧೯೫೪ರವರೆಗೆ ಅಮೆರಿಕದ ಕಾರು ಲಾರಿಗಳನ್ನು ಜೋಡಿಸಿದರು. ಅವು ಅಮೆರಿಕದ ಇಂಚು. ಮಹೀಂದ್ರದವರ ಜೀಪಿನದೂ ಅದೇ ವಂಶ. ಕುರ್ಲಾದ ಪ್ರೀಮಿಯರ್ ಕಾರಖಾನೆಯಿಂದ ಹೊರಟ ಫಿಯಟ್, ಮುಂದೆ ಪದ್ಮಿನಿ ಎಂದು ಹೆಸರಾದದ್ದು, ಇಟಲಿಯ ಮಿಲಿಮೀಟರು. ಕಪ್ಪು ಹಳದಿ ಟ್ಯಾಕ್ಸಿಯಾಗಿ ಊರನ್ನೇ ಹೊತ್ತು ತಿರುಗಿದ ಆ ಪದ್ಮಿನಿ ೨೦೨೩ರ ಅಕ್ಟೋಬರ್ ಕೊನೆಗೆ ಟ್ಯಾಕ್ಸಿ ಕೆಲಸದಿಂದ ನಿವೃತ್ತಿಯಾಯಿತು. ೧೯೮೩ರ ಕೊನೆಗೆ ಗುರುಗಾಂವಿನಿಂದ ಮಾರುತಿ ಬಂದಿತು, ಜಪಾನಿನ ಮಿಲಿಮೀಟರಿನೊಂದಿಗೆ. ಈ ಎಲ್ಲ ವಂಶಗಳ ಬೋಲ್ಟುಗಳೂ ನಾಗದೇವಿಯ ಪೆಟ್ಟಿಗೆಗಳಲ್ಲಿ ಪಕ್ಕಪಕ್ಕದಲ್ಲಿ ಕುಳಿತಿವೆ, ಮುಂಬಯಿಯ ಚಾಳಿನಲ್ಲಿ ನಾನಾ ಪ್ರಾಂತದ ಸಂಸಾರಗಳು ಇರುವಂತೆ.

ಇನ್ನು ಬೋಲ್ಟು ಆರಿಸುವ ಕ್ರಮ. ಯಜಮಾನರು ಹೇಳಿದ್ದಕ್ಕೆ ಹುಡುಗನ ವಿವರಣೆಯನ್ನೂ ಕೂಡಿಸಿ ಬರೆಯುತ್ತೇವೆ.

ಮೊದಲನೆಯದು ತಿರುಪು. ೧೦ ಮಿಲಿಮೀಟರ್ ಎಂದರೆ ಸಾಲದು. ಹಾರ್ಡ್‌ವೇರ್ ಅಂಗಡಿಯಲ್ಲಿ ೧೦ರ ಬೋಲ್ಟು ಕೇಳಿದರೆ ಸಾಮಾನ್ಯವಾಗಿ ಸಿಗುವುದು ೧.೫ ಅಂತರದ್ದು, ಜಪಾನಿ ಕಾರಿಗೆ ಬೇಕಾದ್ದು ಹೆಚ್ಚಾಗಿ ೧.೨೫. ದಪ್ಪ ಒಂದೇ, ಹೊಂದಿಕೆ ಇಲ್ಲ. ಸರಿಯಾದ ಬೋಲ್ಟು ತೂತಿನೊಳಗೆ ಕೊನೆಯವರೆಗೂ ಬೆರಳಿನಿಂದಲೇ ತಿರುಗಬೇಕು. ಬೆರಳಿಗೆ ಬಗ್ಗದಿದ್ದರೆ ಸ್ಪಾನರು ಎತ್ತಿಕೊಳ್ಳಬಾರದು. ನಿಲ್ಲಿಸಿ ಕಾರಣ ಹುಡುಕಬೇಕು.

ಎರಡನೆಯದು ಉದ್ದ. ಗಿಡ್ಡವಾದರೆ ನಾಲ್ಕೇ ಸುತ್ತು ಹಿಡಿದು ಕಿತ್ತುಬರುತ್ತದೆ. ಉದ್ದವಾದರೆ, ಆಚೆ ಬಾಯಿಲ್ಲದ ತೂತಿನಲ್ಲಿ ತಳಕ್ಕೆ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯೆನಿಸುತ್ತದೆ, ಸ್ಟಾರ್ಟರ್ ಮಾತ್ರ ಸಡಿಲ. ಕವಚ ಎರಕದ ಕಬ್ಬಿಣವಾದರೆ ಬೋಲ್ಟಿನ ದಪ್ಪದ ಒಂದೂವರೆಯಷ್ಟು, ಅಲ್ಯೂಮಿನಿಯಂ ಆದರೆ ಎರಡರಷ್ಟು ಉದ್ದ ತಿರುಪು ಒಳಗೆ ಕಚ್ಚಿದರೆ ನೆಮ್ಮದಿ. ತೂತಿನ ಆಳವನ್ನು ಒಂದು ಕಡ್ಡಿ ಇಳಿಸಿ ಅಳೆದು, ಸ್ಟಾರ್ಟರಿನ ಚಾಚಿನ ದಪ್ಪವನ್ನೂ ವಾಷರನ್ನೂ ಕೂಡಿಸಿದರೆ ಲೆಕ್ಕ ಸಿಗುತ್ತದೆ. ಬದಲಿ ಸ್ಟಾರ್ಟರಿನ ಚಾಚು ಹಳೆಯದಕ್ಕಿಂತ ತೆಳ್ಳಗೋ ದಪ್ಪವೋ ಇರಬಹುದು; ಆಗ ಹಳೆಯ ಬೋಲ್ಟಿನ ಉದ್ದವೂ ಬದಲಾಗಬೇಕು.

ಮೂರನೆಯದು ತಲೆಗೂ ತಿರುಪಿಗೂ ನಡುವೆ ಇರುವ ನುಣುಪು ಕಂಬ. ಹಲವು ಸ್ಟಾರ್ಟರುಗಳು ತಮ್ಮ ಮೂತಿಯನ್ನು ಕವಚದ ತೂತಿನಲ್ಲಿ ಕೂಡಿಸಿಕೊಂಡು ನೇರ ನಿಲ್ಲುತ್ತವೆ. ಕೆಲವು ಹಾಗಲ್ಲ. ಅಮೆರಿಕದ ಷೆವ್ರೊಲೆಯ ಹಲವು ವಿ-೮ ಎಂಜಿನ್ನುಗಳಲ್ಲಿ ಸ್ಟಾರ್ಟರನ್ನು ನೇರವಾಗಿ ನಿಲ್ಲಿಸುವುದೇ ಬೋಲ್ಟಿನ ಆ ಕಂಬ. ಅದಕ್ಕೆಂದೇ ಅದರ ಮೈಗೆ ಗೀರು ಗೀರು ಹೊಡೆದು ತೂತಿಗೆ ಬಿಗಿಯಾಗಿ ಕೂರುವಂತೆ ಮಾಡಿರುತ್ತಾರೆ. ಅಲ್ಲಿ ಅದೇ ತಿರುಪಿನ ಸಾದಾ ಬೋಲ್ಟು ಹಾ��ಿದರೆ ತಿರುಪು ಹಿಡಿದರೂ ಸ್ಟಾರ್ಟರ್ ಓರೆಯಾಗುತ್ತದೆ. ಹಳೆಯದರಲ್ಲಿ ಕಂಬವಿದ್ದರೆ ಹೊಸದರಲ್ಲೂ ಅಷ್ಟೇ ಉದ್ದದ, ಅಷ್ಟೇ ದಪ್ಪದ ಕಂಬ ಇರಬೇಕು.

ನಾಲ್ಕನೆಯದು ಉಕ್ಕಿನ ಗುಣ. ಅದನ್ನು ತಲೆಯ ಮೇಲಿನ ಅಚ್ಚು ಹೇಳುತ್ತದೆ. ೮.೮ ಎಂದಿದ್ದರೆ, ಮೊದಲ ೮ ಎಂದರೆ ಚದರ ಮಿಲಿಮೀಟರಿಗೆ ೮೦೦ ನ್ಯೂಟನ್ ಎಳೆತ ತಾಳುವ ಉಕ್ಕು. ಚುಕ್ಕೆಯ ನಂತರದ ೮ ಎಂದರೆ ಅದರ ನೂರಕ್ಕೆ ೮೦ ಪಾಲಿನವರೆಗೆ ಎಳೆದರೂ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಇಂಚಿನ ಅಮೆರಿಕನ್ ಬೋಲ್ಟುಗಳಲ್ಲಿ ಅಂಕಿಯ ಬದಲು ಗೆರೆಗಳು: ಮೂರು ಗೆರೆಯಾದರೆ ೫ನೆಯ ದರ್ಜೆ, ಆರಾದರೆ ೮ನೆಯದು. ತಲೆ ಬೋಳಾಗಿದ್ದರೆ ಅದು ಕಿಟಕಿಯ ಸರಳಿಗೆ ಸರಿ, ಸ್ಟಾರ್ಟರಿಗಲ್ಲ. ಹಾಗೆಂದು ಅತಿ ಗಟ್ಟಿಯದನ್ನು ತಂದು ಅತಿಯಾಗಿ ಬಿಗಿದರೆ ಬೋಲ್ಟು ಉಳಿದು ಅಲ್ಯೂಮಿನಿಯಂ ತೂತು ಹಾಳಾಗುತ್ತದೆ. ಮೊದಲಿದ್ದ ದರ್ಜೆಯನ್ನೇ ಹಾಕಿ, ಕಾರಿನ ಪುಸ್ತಕ ಹೇಳಿದಷ್ಟೇ ಬಿಗಿಯಬೇಕು.

ನಾವು ಕೇಳಿದ ಉದ್ದ, ೧.೨೫ರ ತಿರುಪು, ೮.೮ರ ದರ್ಜೆ, ಮೂರೂ ಕೂಡಿದ್ದು ಆ ಅಂಗಡಿಯಲ್ಲಿ ಇರಲಿಲ್ಲ. ಯಜಮಾನರು ಬದಲಿಗೆ ಏನನ್ನೂ ತೋರಿಸಲಿಲ್ಲ. ಆಳನ್ನು ಜೊತೆ ಮಾಡಿ ನಾಲ್ಕನೆಯ ಅಂಗಡಿಗೆ ಕಳಿಸಿದರು. ಅಲ್ಲಿ ಸಿಕ್ಕಿತು. ಎರಡಕ್ಕೆ ಕೊಟ್ಟ ಬೆಲೆ ಮಾಟುಂಗದ ಒಂದು ಮಸಾಲೆ ದೋಸೆಗಿಂತ ಕಡಿಮೆ. ಹುಡುಗ ಮೂರನೆಯದೊಂದನ್ನೂ ಕೊಂಡ. ಮೊದಲ ಅಂಗಡಿಗೆ ಮರಳಿ ನಮಸ್ಕಾರ ಹೇಳಿದಾಗ ಯಜಮಾನರು ಚಹಾ ತರಿಸಿದರು. ನಮ್ಮಿಂದ ಅವರಿಗೆ ಒಂದು ಕಾಸಿನ ವ್ಯಾಪಾರವೂ ಆಗಿರಲಿಲ್ಲ.

ಕೆಲಸ ಇನ್ನೂ ಮುಗಿದಿರಲಿಲ್ಲ. ತಪ್ಪು ಬೋಲ್ಟು ತೂತಿನ ಬಾಯಲ್ಲಿ ನಾಲ್ಕೈದು ಸುತ್ತನ್ನು ಕೆಡಿಸಿತ್ತು. ಹೊಸ ಬೋಲ್ಟು ಒಂದು ಸುತ್ತು ಹೋಗಿ ನಿಂತಿತು. ಪರಿಚಯದ ಮೇಸ್ತ್ರಿಯೊಬ್ಬರು ೧೦ಕ್ಕೆ ೧.೨೫ರ ಟ್ಯಾಪನ್ನು ಎಣ್ಣೆ ಹಚ್ಚಿ ನಿಧಾನವಾಗಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ತಿರುಗಿಸಿ ತಿರುಪನ್ನು ತಿದ್ದಿದರು. ಆಳದಲ್ಲಿ ಒಳ್ಳೆಯ ತಿರುಪು ಉಳಿದಿದ್ದುದು ಪುಣ್ಯ. ಅದೂ ಹೋಗಿದ್ದರೆ ತೂತನ್ನು ದೊಡ್ಡದು ಮಾಡಿ ಉಕ್ಕಿನ ಸುರುಳಿ ಕೂಡಿಸಬೇಕಾಗುತ್ತಿತ್ತು. ಕೂರುವ ಜಾಗದ ತುಕ್ಕನ್ನೂ ಬಣ್ಣವನ್ನೂ ಕೆರೆದು ಲೋಹ ಹೊಳೆಯುವಂತೆ ಮಾಡಿದರು. ಬೋಲ್ಟುಗಳು ಬೆರಳಿನಿಂದಲೇ ಕೊನೆಯವರೆಗೆ ಹೋದವು. ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವಾಗಿ ಬಿಗಿದು, ಬ್ಯಾಟರಿ ತಂತಿ ಹಾಕಿ, ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಎಂಜಿನ್ ಹೊತ್ತಿತು. ಹತ್ತು ಸಲ ಮಾಡಿ ನೋಡಿದೆವು. ಹತ್ತೂ ಸಲ ಒಂದೇ ಸದ್ದು. ಸ್ಟಾರ್ಟರೂ ಅದೇ, ಬ್ಯಾಟರಿಯೂ ಅದೇ.

ಮೇ ತಿಂಗಳ ಎರಡನೆಯ ವಾರ ಕಾರು ಹೊರಟಿತು. ಐನೂರು ಕಿಲೋಮೀಟರಿಗೂ ಮೀರಿದ ದಾರಿ. ಖಂಬಾಟ್ಕಿ ಘಾಟಿನಲ್ಲಿ ಲಾರಿ ಅಡ್ಡ ನಿಂತು ಒಂದು ಗಂಟೆ ಕಾಯಬೇಕಾಯಿತಂತೆ; ಎಂಜಿನ್ ಆರಿಸಿ, ಮತ್ತೆ ಹಚ್ಚಿ, ಮತ್ತೆ ಆರಿಸಿ, ಏಳೆಂಟು ಸಲ. ಬಿಸಿಲಿನಲ್ಲಿ ಎಂಬತ್ತು ದಾಟಿದವರನ್ನು ಕೂರಿಸಿಕೊಂಡು ಕಾರು ತಳ್ಳುವ ಪ್ರಸಂಗ ಬರಲಿಲ್ಲ. ಅಕ್ಕನವರು ಮೂರು ದಿನ ಆ ಪಡಸಾಲೆಯಲ್ಲಿ ಕುಳಿತು, ಬಂದವರಿಗೆಲ್ಲ ಚಹಾ ಕೊಡಿಸಿ, ಬಾಗಿಲ ಚಿಲಕದ ಒಂದು ಹಿತ್ತಾಳೆ ಹಿಡಿಯನ್ನು ಬಿಚ್ಚಿಸಿಕೊಂಡು ಬಂದರು. ಮನೆ ಗಡುವಿನಂತೆ ಮಾರಾಟವಾಯಿತು.

ಇತರ ಊರುಗಳಲ್ಲಿರುವ ನಮ್ಮವರಿಗೂ ಇಂಥ ಬೀದಿಗಳು ದೂರವಿಲ್ಲ. ಚೆನ್ನೈಯಲ್ಲಿ ಹೊಸ ಭಾಗಗಳಿಗೆ ಜನರಲ್ ಪ್ಯಾಟರ್ಸ್ ರಸ್ತೆ, ಬಿಚ್ಚಿದ ಹಳೆಯ ಭಾಗಗಳಿಗೆ ಪುದುಪೇಟೆ, ದಿಲ್ಲಿಯಲ್ಲಿ ಕಾಶ್ಮೀರಿ ಗೇಟು, ಸಿಕಂದರಾಬಾದಿನಲ್ಲಿ ರಾಣಿಗಂಜು, ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆ. ಎಲ್ಲಿಗೆ ಹೋದರೂ ಬಿಚ್ಚಿದ ಬೋಲ್ಟುಗಳನ್ನೆಲ್ಲ ಜೊತೆಗೆ ಒಯ್ಯಿರಿ, ಒಂದನ್ನೇ ಅಲ್ಲ. ಎಂಜಿನ್ ಯಾವುದೆಂದು ಬರೆದುಕೊಂಡು ಹೋಗಿರಿ. ತೂತಿನ ಆಳವನ್ನು ಅಳೆದುಕೊಂಡು ಹೋಗಿರಿ. ಅಂಗಡಿಯವರು ಪ್ರಶ್ನೆ ಕೇಳಿದರೆ ಬೇಸರ ಪಡಬೇಡಿ. ಪ್ರಶ್ನೆ ಕೇಳದೆ ಕೊಡುವವರ ಅಂಗಡಿಯಿಂದ ಎದ್ದು ಬನ್ನಿ. ಒಂದು ಬೋಲ್ಟು ಹೆಚ್ಚಿಗೆ ಕೊಂಡು ಕಾರಿನ ಖಾನೆಯಲ್ಲಿ ಇಟ್ಟಿರಿ. ಮುಂದಿನ ಸಲ ಯಾವ ಮೇಸ್ತ್ರಿಯ ಕೈಯಿಂದ ಒಂದು ಕಳೆದುಹೋದರೂ ಅವರು ತಮ್ಮ ಡಬ್ಬಿಗೆ ಕೈಹಾಕುವ ಮುನ್ನ ನೀವು ನಿಮ್ಮ ಖಾನೆಗೆ ಕೈಹಾಕಬಹುದು.